ಹರಿಯೋದೂ ಅದೇ, ಹೆಪ್ಪುಗಟ್ಟೋದೂ ಅದೇ

ಜೂನ್ 14ಕ್ಕೆ, ವಿಶ್ವ ರಕ್ತದಾನಿಗಳ ದಿನ ಅಂತ, ಶಿರಸಿ ತಾಲೂಕಿನ ಒಂದು ಹೈಸ್ಕೂಲಿಗೆ ಮಾತಾಡೋಕೆ ಕರೆದಿದ್ರು. ಮಕ್ಕಳು, ಅವರ ಮನೆಯವ್ರು, ಸ್ವಸಹಾಯ ಸಂಘದ ಅಕ್ಕಂದಿರು ಎಲ್ಲ ಸೇರಿ ಹಾಲ್ ತುಂಬಿತ್ತು. ಅವತ್ತು ಬರೋಕಾಗದೇ ಇದ್ದವರು ಏನ್ ಹೇಳಿದ್ರಿ ಅಂತ ಕೇಳ್ತಾನೇ ಇದಾರೆ, ಅದಕ್ಕೆ ನೆನಪಿದ್ದಷ್ಟನ್ನ ಮಾತಾಡಿದ ಹಾಗೇ ಬರೆದಿದೀನಿ. ನಾನು ಡಾಕ್ಟರ್ ಅಲ್ಲ, 28 ವರ್ಷ ಲ್ಯಾಬ್‌ನಲ್ಲಿ ಕೂತು ರಕ್ತ ಪರೀಕ್ಷೆ ಮಾಡಿದವಳು.

ಎಲ್ಲರಿಗೂ ನಮಸ್ಕಾರ. ಹೆಂಚಿನ ಮೇಲೆ ಮಳೆ ಸದ್ದು ಜೋರಿದೆ, ಹಿಂದೆ ಕೂತವರಿಗೆ ಕೇಳದೇ ಇದ್ರೆ ಮುಂದೆ ಬಂದು ಕೂತ್ಕೊಳ್ಳಿ. ಮೊದಲು ಒಂದು ಪ್ರಶ್ನೆ. ಇವತ್ತು ತೋಟದ ದಾರೀಲಿ, ಕಾಲುಸಂಕ ದಾಟಿ ಬರೋವಾಗ ಎಷ್ಟು ಜನಕ್ಕೆ ಉಂಬಳ, ಅದೇ ಕಾಡಿನ ಜಿಗಣೆ, ಹತ್ತಿತ್ತು? ಅಬ್ಬ, ಅರ್ಧ ಹಾಲ್ ಕೈ ಎತ್ತಿದೆ. ಈ ಮುಂದಿನ ಸಾಲಿನ ಮಾಣಿ ಕಾಲು ನೋಡಿ, ಉಂಬಳ ಬಿದ್ದು ಹೋಗಿ ಅರ್ಧ ಗಂಟೆ ಆಯ್ತಂತೆ, ಗಾಯ ಅಂದ್ರೆ ಸೂಜಿ ಮೊನೆಯಷ್ಟು, ಆದ್ರೂ ಒಂದು ಗೆರೆ ಹರೀತಾನೇ ಇದೆ, ಕಾಲುಚೀಲ ಎಲ್ಲ ಕೆಂಪಾಗಿದೆ. ಅದೇ ಅಡುಗೆಮನೇಲಿ ಮೆಟ್ಟುಗತ್ತಿ ತಾಗಿ ಬೆರಳು ಇದಕ್ಕಿಂತ ಹತ್ತು ಪಟ್ಟು ಕೊಯ್ದುಕೊಂಡ್ರೂ ಒತ್ತಿ ಹಿಡಿದ್ರೆ ಐದಾರು ನಿಮಿಷಕ್ಕೆ ನಿಂತು ಹೋಗತ್ತೆ. ಯಾಕೆ? ನಾವೆಲ್ಲ ಸಣ್ಣವರಿದ್ದಾಗಿಂದ ಸುಣ್ಣ ಹಚ್ಚಿ, ತಂಬಾಕು ಹಚ್ಚಿ ಉಂಬಳ ಬಿಡಿಸಿದ್ದೀವಿ, ಆದ್ರೆ ಈ ಪ್ರಶ್ನೆ ಯಾರೂ ಕೇಳ್ಕೊಂಡಿರಲ್ಲ.

ಇದಕ್ಕೆ ಉತ್ತರ ನಿಮ್ಮ ಮನೆ ಹಾಲಿನ ಪಾತ್ರೇಲೇ ಇದೆ. ರಾತ್ರಿ ಹಾಲಿಗೆ ಒಂದು ಚಮಚ ಮಜ್ಜಿಗೆ ಹಾಕಿ ಹೆಪ್ಪು ಇಡ್ತೀರಿ, ಬೆಳಿಗ್ಗೆ ಹೊತ್ತಿಗೆ ಗಟ್ಟಿ ಮೊಸರು, ಮೇಲೆ ಸ್ವಲ್ಪ ತಿಳಿನೀರು. ನಮ್ಮ ಭಾಷೇಲಿ ಮೊಸರಿಗೂ ಹೆಪ್ಪು ಅಂತೀವಿ, ರಕ್ತಕ್ಕೂ ಹೆಪ್ಪುಗಟ್ಟೋದು ಅಂತೀವಿ, ಇದು ಸುಮ್ನೆ ಬಂದ ಮಾತಲ್ಲ, ನೋಡಿದವರು ಇಟ್ಟ ಹೆಸರು. ಹಾಲಲ್ಲಿ ಕರಗಿಕೊಂಡಿದ್ದ ಪ್ರೋಟೀನ್ ಗಟ್ಟಿಯಾಗಿ ಮೊಸರಾಗತ್ತಲ್ಲ, ರಕ್ತದಲ್ಲೂ ಫೈಬ್ರಿನೋಜೆನ್ ಅನ್ನೋ ಒಂದು ಪ್ರೋಟೀನ್ ಕರಗಿಕೊಂಡು ಓಡಾಡ್ತಾ ಇರತ್ತೆ, ಗಾಯ ಆದ ಜಾಗದಲ್ಲಿ ಥ್ರಾಂಬಿನ್ ಅನ್ನೋದು ಹುಟ್ಟಿ ಅದನ್ನ ಸಣ್ಣ ಸಣ್ಣ ದಾರದ ಹಾಗೆ ಮಾಡತ್ತೆ, ಆ ದಾರಗಳು ಬಲೆ ಕಟ್ಟಿ ರಕ್ತಕಣಗಳನ್ನ ಹಿಡಿದು ನಿಲ್ಲಿಸತ್ತೆ. ಉಂಬಳದ ಜೊಲ್ಲಲ್ಲಿ ಇರೋದು ಈ ಥ್ರಾಂಬಿನ್‌ನ ಕಟ್ಟಿ ಹಾಕೋ ವಸ್ತು. ಕೆರೆ ಜಿಗಣೆಯ ರಸಕ್ಕೆ ರಕ್ತ ಹೆಪ್ಪಾಗೋದನ್ನ ತಡೆಯೋ ಶಕ್ತಿ ಇದೆ ಅಂತ 1884ರಲ್ಲೇ ಜಾನ್ ಹೇಕ್ರಾಫ್ಟ್ ಅನ್ನೋರು ತೋರಿಸಿಕೊಟ್ರು, ಆಮೇಲೆ ಅದಕ್ಕೆ ಹಿರುಡಿನ್ ಅಂತ ಹೆಸರು ಬಂತು. ಕಾಡಿನ ಉಂಬಳಗಳ ಜಾತಿಯಲ್ಲೂ ಅದೇ ಕೆಲಸ ಮಾಡೋ ಇನ್ನೊಂದು ವಸ್ತು ಸಿಕ್ಕಿದೆ. ಮಾಣಿ, ನಿನ್ನ ಕಾಲಿಗೆ ಏನೂ ಆಗಿಲ್ಲ, ಆ ಜೊಲ್ಲು ತೊಳೆದು ಹೋಗೋ ತನಕ ಸೋರತ್ತೆ, ಸೋಪು ಹಾಕಿ ತೊಳೆದು ಬಟ್ಟೆ ಒತ್ತಿ ಹಿಡಿ.

ಈಗ ಇದನ್ನ ನೋಡಿ, ಮಕ್ಕಳು ಕೈಗೆ ತಗೊಂಡು ದಾಟಿಸಿ, ಬೀಳಿಸಬೇಡಿ. ಎರಡು ಟ್ಯೂಬು. ಎರಡರಲ್ಲೂ ಇರೋದು ನಂದೇ ರಕ್ತ, ಬೆಳಿಗ್ಗೆ ಏಳು ಗಂಟೆಗೆ ನನ್ನ ಜೊತೆ ಕೆಲಸ ಮಾಡ್ತಿದ್ದ ಹುಡುಗಿ ತೆಗೆದು ಕೊಟ್ಟಿದ್ದು. ಕೆಂಪು ಮುಚ್ಚಳದ್ದು ಓರೆ ಮಾಡಿ ನೋಡಿ, ಗಟ್ಟಿ ಉಂಡೆ ಆಗಿದೆ, ಅದು ಮುದುಡಿಕೊಂಡು ಸುತ್ತ ತಿಳಿ ಹಳದಿ ನೀರು ಬಿಟ್ಟಿದೆ, ಥೇಟ್ ಮೊಸರಿನ ಮೇಲಿನ ತಿಳಿ. ಇದಕ್ಕೆ ಸೀರಮ್ ಅಂತಾರೆ. ಇನ್ನೊಂದು ನೇರಳೆ ಮುಚ್ಚಳದ್ದು, ಅದರಲ್ಲಿ ಇಡಿಟಿಎ ಅಂತ ಒಂದು ಉಪ್ಪು ಹಾಕಿರ್ತಾರೆ, ಅದು ರಕ್ತದಲ್ಲಿರೋ ಕ್ಯಾಲ್ಸಿಯಂನ ಹಿಡಿದು ಇಟ್ಕೊಳ್ಳತ್ತೆ, ಕ್ಯಾಲ್ಸಿಯಂ ಕೈಗೆ ಸಿಗದೇ ಇದ್ರೆ ರಕ್ತ ಹೆಪ್ಪಾಗಲ್ಲ. ಅದಕ್ಕೇ ಅದು ಇನ್ನೂ ನೀರಾಗೇ ಇದೆ, ಆದ್ರೆ ಸುಮ್ನೆ ಇಟ್ಟಿದ್ದಕ್ಕೆ ಕೆಂಪು ಕೆಳಗೆ ಇಳಿದು ಹಳದಿ ಮೇಲೆ ನಿಂತಿದೆ. ಎರಡರ ಮಧ್ಯ ಕೂದಲೆಳೆ ಬಿಳಿ ಪದರ ಒಂದಿರತ್ತೆ, ಮಿಷನ್‌ನಲ್ಲಿ ತಿರುಗಿಸಿದ್ರೆ ಚೆನ್ನಾಗಿ ಕಾಣತ್ತೆ, ಹಿಂಗೆ ಇಟ್ರೆ ಬೆಳಕಿಗೆ ಹಿಡಿದು ಹುಡುಕಬೇಕು.

ಒಬ್ಬ ದೊಡ್ಡ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತ, ಪೇಟೇಲಿ ಸಿಗೋ ದೊಡ್ಡ ಎಣ್ಣೆ ಕ್ಯಾನ್ ಇರತ್ತಲ್ಲ ಅಷ್ಟು. ಹೃದಯ ಸುಮ್ನೆ ಕೂತಿದ್ದಾಗಲೂ ನಿಮಿಷಕ್ಕೆ ಹೆಚ್ಚು ಕಡಿಮೆ ಅಷ್ಟನ್ನೇ ತಳ್ಳತ್ತೆ, ಅಂದ್ರೆ ಇಡೀ ರಕ್ತ ಒಂದು ನಿಮಿಷಕ್ಕೆ ಒಂದು ಸುತ್ತು. ಹಿಂಗೆ ಅದೇ ರಕ್ತ ಸುತ್ತಿ ಸುತ್ತಿ ಬರತ್ತೆ ಅಂತ 1628ರಲ್ಲಿ ವಿಲಿಯಂ ಹಾರ್ವೆ ಬರೆಯೋ ತನಕ ಯುರೋಪಿನ ವೈದ್ಯರು ಲಿವರ್ ಹೊಸ ಹೊಸ ರಕ್ತ ಮಾಡ್ತಾನೇ ಇರತ್ತೆ, ಮೈ ಅದನ್ನ ಖರ್ಚು ಮಾಡ್ತಾನೇ ಇರತ್ತೆ ಅಂತ ನಂಬಿದ್ರು.

ನೇರಳೆ ಮುಚ್ಚಳದ ಟ್ಯೂಬಲ್ಲಿ ಮೇಲೆ ನಿಂತ ಈ ಹಳದಿ ನೀರಿದೆಯಲ್ಲ, ಪ್ಲಾಸ್ಮಾ, ಇದು ನೂರಕ್ಕೆ 55 ಪಾಲು. ಜನ ಇದನ್ನ ಲೆಕ್ಕಕ್ಕೇ ತಗೊಳ್ಳಲ್ಲ, ರಕ್ತ ಅಂದ್ರೆ ಕೆಂಪು ಅಷ್ಟೇ ಅನ್ಕೋತಾರೆ. ಇದರಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಬರೀ ನೀರು, ಉಳಿದಿದ್ದು ಪ್ರೋಟೀನು, ಸಕ್ಕರೆ, ಕೊಬ್ಬು, ಹಾರ್ಮೋನು, ಕಿಡ್ನಿಗೆ ಹೋಗಬೇಕಾದ ಕಸ, ಮತ್ತೆ ಉಪ್ಪು. ಉಪ್ಪಿನ ವಿಷಯ ಸ್ವಲ್ಪ ಹೇಳ್ತೀನಿ. ಗೋಕರ್ಣದ ಹತ್ರ ಸಾಣಿಕಟ್ಟಾದಲ್ಲಿ ಸಮುದ್ರದ ನೀರನ್ನ ಗದ್ದೆಗೆ ಬಿಟ್ಟು ಉಪ್ಪು ಮಾಡೋದನ್ನ ನೀವು ನೋಡಿರ್ತೀರಿ. ಆ ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಆಸ್ಪತ್ರೇಲಿ ಡ್ರಿಪ್ ಹಾಕೋ ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ, ಯಾಕಂದ್ರೆ ನಮ್ಮ ರಕ್ತದ ಹದಕ್ಕೆ ಸರಿಹೊಂದೋದು ಅಷ್ಟೇ. ಬರೀ ನೀರನ್ನ ನರಕ್ಕೆ ಏರಿಸಿದ್ರೆ ಕೆಂಪು ಕಣಗಳು ನೀರು ಕುಡಿದು ಉಬ್ಬಿ ಒಡೀತವೆ, ಸಮುದ್ರದಷ್ಟು ಉಪ್ಪು ಹಾಕಿದ್ರೆ ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ ಸುಕ್ಕಾಗತ್ತಲ್ಲ ಹಂಗೆ ಸುಕ್ಕಾಗ್ತವೆ. ನಾನು ಸ್ಲೈಡ್ ಮೇಲೆ ಎರಡನ್ನೂ ಮಾಡಿ ನೋಡಿದೀನಿ, ಒಂದು ಹನಿ ಬರೀ ನೀರು ತಾಗಿಸಿದ್ರೆ ಸಾಕು, ಕಣ್ಣೆದುರೇ ಒಂದೊಂದೇ ಕಣ ಮಾಯ.

ಪ್ಲಾಸ್ಮಾದ ಪ್ರೋಟೀನ್‌ಗಳಲ್ಲಿ ಹೆಚ್ಚಿನದು ಆಲ್ಬುಮಿನ್, ಲಿವರ್ ಮಾಡೋದು. ಅದು ನೀರನ್ನ ರಕ್ತನಾಳದ ಒಳಗೇ ಹಿಡಿದಿಡತ್ತೆ, ಲಿವರ್ ಹಾಳಾದವರಿಗೆ ಹೊಟ್ಟೆ ಕಾಲಲ್ಲೆಲ್ಲ ನೀರು ತುಂಬೋಕೆ ಇದು ಕಡಿಮೆ ಆಗೋದೂ ಒಂದು ಕಾರಣ. ಡೆಂಗ್ಯೂ ಬಂದಾಗ ಎಲ್ಲರೂ ಪ್ಲೇಟ್‌ಲೆಟ್ ಎಷ್ಟು ಪ್ಲೇಟ್‌ಲೆಟ್ ಎಷ್ಟು ಅಂತ ಮಾತ್ರ ಕೇಳ್ತಾರೆ, ಆದ್ರೆ ಹೆಚ್ಚು ಭಯ ಇರೋದು ಈ ಪ್ಲಾಸ್ಮಾದ ಬಗ್ಗೆ. ಜ್ವರ ಇಳಿಯೋ ಹೊತ್ತಿಗೆ ರಕ್ತನಾಳದ ಗೋಡೆ ಜಿನುಗೋಕೆ ಶುರುವಾಗಿ ಪ್ಲಾಸ್ಮಾ ಹೊರಗೆ ಸೋರಿ ಹೋಗತ್ತೆ, ಒಳಗೆ ಉಳಿದ ರಕ್ತ ಗಟ್ಟಿಯಾಗತ್ತೆ, ಬಿಪಿ ಬೀಳತ್ತೆ. ಜ್ವರ ಬಿಟ್ತು ಅಂತ ನೆಮ್ಮದಿಯಾಗಿ ಇದ್ದು ಮಾರನೇ ದಿನ ಕೈಕಾಲು ತಣ್ಣಗಾಗಿ ಓಡಿ ಬಂದವರನ್ನ ನಾನು ನೋಡಿದೀನಿ. ಹೊಟ್ಟೆ ನೋವು, ಪದೇ ಪದೇ ವಾಂತಿ, ವಿಪರೀತ ಸುಸ್ತು ಇದ್ರೆ ಪ್ಲೇಟ್‌ಲೆಟ್ ನಂಬರ್ ಚೆನ್ನಾಗಿದೆ ಅಂತ ಮನೇಲಿ ಕೂರಬೇಡಿ.

ಈಗ ಕೆಂಪು ಕಣ. ಉದ್ದಿನ ವಡೆ ತಟ್ಟುವಾಗ ಮಧ್ಯ ಬೆರಳು ಒತ್ತಿ, ತೂತು ಆಗದೇ ಬರೀ ಗುಳಿ ಬಿದ್ರೆ ಹೆಂಗಿರತ್ತೆ, ಎರಡೂ ಕಡೆ, ಅದೇ ಆಕಾರ. ಅಗಲ ಒಂದು ಮಿಲಿಮೀಟರಿನ ಸಾವಿರ ಪಾಲಲ್ಲಿ ಏಳೂವರೆ ಪಾಲು. ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಅದು ಸಾಸಿವೆ ಕಾಳಿಗಿಂತ ಚಿಕ್ಕ ಹನಿ, 40ರಿಂದ 55 ಲಕ್ಷ ಕೆಂಪು ಕಣ. ಎಲುಬಿನ ಒಳಗಿನ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣ ಮಾಡಿ ಬಿಡತ್ತೆ, ಹುಟ್ಟಿ ಹೊರಗೆ ಬರೋ ಮುಂಚೆ ಕಣ ತನ್ನ ನ್ಯೂಕ್ಲಿಯಸ್‌ನೇ ಹೊರಗೆ ಎಸೆದು ಬರತ್ತೆ, ಯಾಕಂದ್ರೆ ಆ ಜಾಗಾನೂ ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್‌ಗೆ ಬೇಕು. ಅದಕ್ಕೇ ಅದು ತನ್ನನ್ನ ತಾನು ರಿಪೇರಿ ಮಾಡ್ಕೊಳ್ಳೋಕೆ ಆಗಲ್ಲ, 120 ದಿನ ಓಡಾಡಿ ಸವೆದು ಹೋಗತ್ತೆ.

ಹಿಮೋಗ್ಲೋಬಿನ್‌ನ ಒಂದು ಅಣುವಲ್ಲಿ ನಾಲ್ಕು ಕಬ್ಬಿಣದ ಪರಮಾಣು, ಒಂದೊಂದು ಕಬ್ಬಿಣ ಒಂದೊಂದು ಆಕ್ಸಿಜನ್ ಹಿಡ್ಕೊಳ್ಳತ್ತೆ. ಶ್ವಾಸಕೋಶದಲ್ಲಿ ಹತ್ತಿಸಿಕೊಂಡು ಮಾಂಸಖಂಡದಲ್ಲಿ ಇಳಿಸಿ ಬರೋದು. ವಾಪಸ್ ಬರೋವಾಗ ಕಾರ್ಬನ್ ಡೈಆಕ್ಸೈಡ್ ತರತ್ತೆ ಅಂತೀವಿ, ಅದು ಪೂರ್ತಿ ಸರಿಯಲ್ಲ, ಅದರಲ್ಲಿ ಹೆಚ್ಚಿನ ಪಾಲು ಬೈಕಾರ್ಬೊನೇಟ್ ಆಗಿ ಪ್ಲಾಸ್ಮಾದಲ್ಲೇ ಕರಗಿ ಬರತ್ತೆ, ಹತ್ತನೇ ಕ್ಲಾಸಿನವರು ನೆನಪಿಟ್ಕೊಳ್ಳಿ. ಕಬ್ಬಿಣಾನೇ ಬೇಕು ಅಂತ ಎಲ್ಲ ಜೀವಿಗೂ ಇಲ್ಲ. ಕಾರವಾರದ ಮೀನು ಪೇಟೇಲಿ ಏಡಿ ಮಾರ್ತಾರಲ್ಲ, ಅದರ ರಕ್ತದಲ್ಲಿ ಕಬ್ಬಿಣದ ಬದಲು ತಾಮ್ರ ಇದೆ, ಗಾಳಿ ತಾಗಿದಾಗ ತಿಳಿ ನೀಲಿ. ಏಡಿ ಮುರಿದ್ರೆ ರಕ್ತಾನೇ ಬರಲ್ಲ ಅಂತ ನನ್ನ ಅಂಕೋಲೆ ಗೆಳತಿ ವಾದ ಮಾಡ್ತಿದ್ಲು, ಬರತ್ತೆ, ಕೆಂಪಿಲ್ಲ ಅಷ್ಟೇ.

ಕಬ್ಬಿಣದ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ತೀನಿ, ಅಕ್ಕಂದಿರು ಬೇಜಾರು ಮಾಡ್ಕೊಬೇಡಿ, ಇದು ನಿಮಗೋಸ್ಕರಾನೇ. ನಮ್ಮ ಇಡೀ ಮೈಯಲ್ಲಿ ಇರೋ ಕಬ್ಬಿಣ 3ರಿಂದ 4 ಗ್ರಾಂ, ಅಂದ್ರೆ ಒಂದು ಮೊಳೆಯಷ್ಟು. ಅದರಲ್ಲಿ ಮೂರರಲ್ಲಿ ಎರಡು ಪಾಲು ಹಿಮೋಗ್ಲೋಬಿನ್‌ನಲ್ಲೇ ಇದೆ. ಹಿಂದೆ ಕತ್ತಿ ಸವೆದ್ರೆ ಬಿಸಾಡ್ತಿರಲಿಲ್ಲ, ಕಮ್ಮಾರಸಾಲೆಗೆ ಕೊಟ್ಟು ಅದೇ ಕಬ್ಬಿಣ ಕಾಸಿ ಹೊಸ ಕತ್ತಿ ಹೊಡೆಸ್ತಿದ್ರು. ಮೈಯೂ ಅದನ್ನೇ ಮಾಡತ್ತೆ. ಮುದಿ ಕಣಗಳನ್ನ ಗುಲ್ಮ, ಲಿವರ್ ಒಡೆದು ಕಬ್ಬಿಣ ಎತ್ತಿಟ್ಕೊಂಡು ಮತ್ತೆ ಮಜ್ಜೆಗೆ ಕಳಿಸತ್ತೆ, ದಿನಕ್ಕೆ 20 ಮಿಲಿಗ್ರಾಂ ಮೇಲೆ ಹಿಂಗೆ ಒಳಗೇ ತಿರುಗತ್ತೆ. ಹೊರಗೆ ಹೋಗೋದು ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ, ಊಟದಿಂದ ಬರಬೇಕಾಗಿರೋದೂ ಅಷ್ಟೇ. ಕಬ್ಬಿಣ ತೆಗೆದು ಉಳಿದ ಭಾಗ ಬಿಲಿರುಬಿನ್ ಅಂತ ಹಳದಿ ಬಣ್ಣ ಆಗಿ ಪಿತ್ತದ ಜೊತೆ ಹೋಗತ್ತೆ. ಪಾಚಿ ಕಟ್ಟಿದ ಚಿರೇಕಲ್ಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದಾಗ ತೊಡೆ ಮೇಲೆ ಆದ ಗಾಯ ಮೊದಲು ನೀಲಿ, ಆಮೇಲೆ ಹಸಿರು, ಕೊನೇಗೆ ಹಳದಿ ಆಗಿ ಮಾಯ ಆಗತ್ತಲ್ಲ, ಚರ್ಮದ ಕೆಳಗೆ ಹಿಮೋಗ್ಲೋಬಿನ್ ಒಡೀತಾ ಹೋಗೋದನ್ನ ನೀವು ನಿಮ್ಮ ಕಣ್ಣಲ್ಲೇ ನೋಡ್ತಾ ಇರ್ತೀರಿ.

ಆದ್ರೆ ಹೆಂಗಸರಿಗೆ ಈ ಲೆಕ್ಕ ತಪ್ಪತ್ತೆ. ತಿಂಗಳು ತಿಂಗಳು ರಕ್ತ ಹೋಗತ್ತೆ, ಬಸಿರಲ್ಲಿ ಮಗುವಿಗೆ ಕೊಡಬೇಕು, ಹೆರಿಗೇಲಿ ಹೋಗತ್ತೆ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ. ಹಿಮೋಗ್ಲೋಬಿನ್ ಹೆಂಗಸರಿಗೆ 12, ಬಸುರಿಯರಿಗೆ 11, ಗಂಡಸರಿಗೆ 13ಕ್ಕಿಂತ ಕೆಳಗೆ ಇದ್ರೆ ಅದು ಕಾಯಿಲೆ. ನಾನು ಲ್ಯಾಬ್‌ನಲ್ಲಿ 6, 7 ಬಂದ ರಿಪೋರ್ಟ್ ಎಷ್ಟೋ ಕೊಟ್ಟಿದೀನಿ, ಮತ್ತೆ ಅವರು ಅಡಿಕೆ ಸುಲೀತಾ, ಸೊಪ್ಪು ಹೊರ್ತಾ, ಕೊಟ್ಟಿಗೆ ಕೆಲಸ ಮಾಡ್ತಾನೇ ಇದ್ದವರು. ಸುಸ್ತಾಗತ್ತಾ ಅಂದ್ರೆ ಇಲ್ಲಪ್ಪ ಹಿಂಗೇ ಇರತ್ತಲ್ಲ ಅಂತಿದ್ರು. ಆ ಮಾತು ಕೇಳಿದಾಗಲೆಲ್ಲ ನಂಗೆ ಹೊಟ್ಟೇಲಿ ಸಂಕಟ ಆಗತ್ತೆ. ವರ್ಷಗಟ್ಟಲೆ ನಿಧಾನ ಇಳಿದಿರತ್ತೆ, ಮೈ ಅದಕ್ಕೇ ಒಗ್ಗಿಹೋಗಿರತ್ತೆ, ಸುಸ್ತೇ ಸಹಜ ಅಂತ ಅನ್ಸಿಬಿಟ್ಟಿರತ್ತೆ.

ಬೀಟ್ರೂಟ್ ಕೆಂಪಿದೆ ಅಂತ ತಿಂದ್ರೆ ರಕ್ತ ಹೆಚ್ಚಲ್ಲ, ಅದರ ಬಣ್ಣಕ್ಕೂ ಕಬ್ಬಿಣಕ್ಕೂ ಸಂಬಂಧ ಇಲ್ಲ. ಮೀನು ಮಾಂಸ ತಿನ್ನೋರಿಗೆ ಅದರ ಕಬ್ಬಿಣ ಬೇಗ ಹತ್ತತ್ತೆ. ಘಟ್ಟದ ಮೇಲೆ ಸಸ್ಯಾಹಾರದ ಮನೆಗಳಲ್ಲಿ ಕಾಳು, ಸೊಪ್ಪು, ರಾಗಿಯಿಂದಲೇ ಬರಬೇಕು, ಅದು ಹತ್ತೋದು ಕಡಿಮೆ, ಹತ್ತೋ ಹಾಗೆ ಮಾಡೋದು ಲಿಂಬೆಹುಳಿ, ನೆಲ್ಲಿಕಾಯಿ. ಹತ್ತದೇ ಇರೋ ಹಾಗೆ ಮಾಡೋದು ಊಟ ಆದ ತಕ್ಷಣ ಕುಡಿಯೋ ಚಾ. ಚಾ ಬಿಡಿ ಅಂತ ಹೇಳಲ್ಲ, ಊಟಕ್ಕೂ ಚಾಕ್ಕೂ ಮಧ್ಯ ಒಂದು ಗಂಟೆ ಬಿಡಿ ಸಾಕು. ಕಬ್ಬಿಣದ ಮಾತ್ರೆ ತಗೊಂಡಾಗ ಮಲ ಕಪ್ಪಾಗತ್ತೆ, ಅದಕ್ಕೆ ಹೆದರಿ ಬಿಟ್ಟವರು ತುಂಬಾ ಜನ, ಅದು ಮಾತ್ರೆಯ ಬಣ್ಣ ಅಷ್ಟೇ. ಮತ್ತೆ ಬರಿಗಾಲಲ್ಲಿ ತೋಟಕ್ಕೆ ಹೋಗೋರು, ಕೊಕ್ಕೆಹುಳ ಒದ್ದೆ ಮಣ್ಣಿಂದ ಕಾಲಿನ ಚರ್ಮ ಕೊರೆದು ಒಳಗೆ ಹೋಗಿ ಕರುಳಿಗೆ ಕಚ್ಚಿ ರಕ್ತ ಹೀರತ್ತೆ. ಉಂಬಳ ಹೀರಿ ಬಿದ್ದು ಹೋಗತ್ತೆ, ಇದು ವರ್ಷಗಟ್ಟಲೆ ಒಳಗೇ ಇರತ್ತೆ. ಶಾಲೇಲಿ ಕೊಡೋ ಹುಳದ ಮಾತ್ರೆ, ಅಲ್ಬೆಂಡಜೋಲ್, ಅದನ್ನ ಮಕ್ಕಳು ಉಗಿದು ಬಿಸಾಡೋದನ್ನ ಬಿಡಬೇಕು.

ಆ ಕೂದಲೆಳೆ ಬಿಳಿ ಪದರಕ್ಕೆ ಬರ್ತೀನಿ. ಬಿಳಿ ಕಣ ಮತ್ತೆ ಪ್ಲೇಟ್‌ಲೆಟ್ ಇರೋದು ಅಲ್ಲೇ. ಬಿಳಿ ಕಣ ಮೈಕ್ರೋಲೀಟರಿಗೆ 4ರಿಂದ 11 ಸಾವಿರ, ಕೆಂಪಿನ ಎದುರು ಏನೂ ಅಲ್ಲ. ಮುಳ್ಳು ಚುಚ್ಚಿದ ಜಾಗದಲ್ಲಿ ಕೀವು ಆಗತ್ತಲ್ಲ, ಅದು ಬ್ಯಾಕ್ಟೀರಿಯಾ ಜೊತೆ ಹೊಡೆದಾಡಿ ಸತ್ತ ಬಿಳಿ ಕಣಗಳ, ಅಂದ್ರೆ ನ್ಯೂಟ್ರೋಫಿಲ್‌ಗಳ ರಾಶಿ. ಇನ್ನೊಂದು ಜಾತಿ ಬಿಳಿ ಕಣ ಲಿಂಫೋಸೈಟ್‌ಗಳು ಹಳೇ ಶತ್ರುವನ್ನ ನೆನಪಿಟ್ಕೊಂಡು ಅದನ್ನ ಹಿಡಿಯೋ ಪ್ರೋಟೀನು, ಆಂಟಿಬಾಡಿ, ಮಾಡೋವು. ಮಂಗನ ಕಾಯಿಲೆ ನಮ್ಮ ಸಿದ್ದಾಪುರ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಾದ ವೈರಸ್ಸು, ಉಣುಗು ಕಚ್ಚಿ ಬರೋದು. ಅದು ಬಂದಾಗ ಬಿಳಿ ಕಣವೂ ಇಳಿಯತ್ತೆ, ಪ್ಲೇಟ್‌ಲೆಟ್ಟೂ ಇಳಿಯತ್ತೆ, ಕೆಲವರಿಗೆ ಮೂಗು ವಸಡಲ್ಲಿ ರಕ್ತ. ಮಳೆಗಾಲ ಕಳೆದು ಬೇಸಿಗೆ ಬರೋ ಹೊತ್ತಲ್ಲಿ ಸೊಪ್ಪಿನ ಬೆಟ್ಟಕ್ಕೆ ದರಕು ತರೋಕೆ ಹೋದವರಿಗೆ ಜೋರು ಜ್ವರ, ತಲೆನೋವು ಬಂದ್ರೆ ಬೆಟ್ಟಕ್ಕೆ ಹೋಗಿದ್ದೆ ಅನ್ನೋದನ್ನ ಡಾಕ್ಟರಿಗೆ ಮೊದಲೇ ಹೇಳಿ, ಮಂಗ ಸತ್ತಿದ್ದು ಕಂಡಿದ್ರೆ ಅದನ್ನೂ ಹೇಳಿ. ಅದಕ್ಕೇ ಅಂತ ಬೇರೆ ಔಷಧ ಇಲ್ಲ, ಮೈಯನ್ನ ಕಾಪಾಡಿಕೊಳ್ತಾ ಬಿಳಿ ಕಣ ಗೆಲ್ಲೋ ತನಕ ಕಾಯೋದು.

ಆಂಟಿಬಾಡಿ ಪ್ಲಾಸ್ಮಾದಲ್ಲೇ ಓಡಾಡೋದ್ರಿಂದ ಒಬ್ಬರದ್ದು ಇನ್ನೊಬ್ಬರಿಗೆ ಕೊಡಬಹುದು, ಪ್ರಾಣಿಯಿಂದ ಮನುಷ್ಯಂಗೂ. ಹಾವು ಕಚ್ಚಿದಾಗ ಹಾಕೋ ಇಂಜೆಕ್ಷನ್ ಬರೋದು ಕುದುರೆಯ ರಕ್ತದಿಂದ. ಕುದುರೆಗೆ ಸ್ವಲ್ಪ ಸ್ವಲ್ಪ ವಿಷ ಕೊಟ್ಟು ಅದು ಆಂಟಿಬಾಡಿ ಮಾಡ್ಕೊಂಡ ಮೇಲೆ ಪ್ಲಾಸ್ಮಾ ತೆಗೆದು ಶುದ್ಧ ಮಾಡೋದು. ನಮ್ಮ ದೇಶದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೆ. ಘಟ್ಟದ ಕಾಡಲ್ಲಿ ಮೂಗು ಮೇಲಕ್ಕೆ ಎತ್ತಿಕೊಂಡ ಹಾಗಿರೋ ಇನ್ನೊಂದು ಸಣ್ಣ ಮಂಡಲ ಇದೆ, ಅದಕ್ಕೆ ಈ ಔಷಧ ಕೆಲಸ ಮಾಡಲ್ಲ, ಇದು ನಮ್ಮ ಜಿಲ್ಲೆಯವರಿಗೆ ಗೊತ್ತಿರಬೇಕು.

ಕೊಳಕುಮಂಡಲ ಅಂದ್ರೆ ಮತ್ತೆ ಹೆಪ್ಪಿನ ವಿಷಯಕ್ಕೇ ಬಂದ ಹಾಗೆ. ಗಾಯ ಆದ ತಕ್ಷಣ ಮೊದಲು ಓಡಿ ಬರೋದು ಪ್ಲೇಟ್‌ಲೆಟ್, ಮೈಕ್ರೋಲೀಟರಿಗೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಇರೋ ಸಣ್ಣ ಚೂರುಗಳು, ವಾರ ಹತ್ತು ದಿನ ಬದುಕೋವು. ಅವು ಒಂದಕ್ಕೊಂದು ಅಂಟಿ ತೂತಿಗೆ ಬಿರಡೆ ಹಾಕ್ತವೆ, ಅದರ ಮೇಲೆ ಫೈಬ್ರಿನೋಜೆನ್‌ನಿಂದ ಆದ ದಾರಗಳ ಬಲೆ, ಅದಕ್ಕೆ ಫೈಬ್ರಿನ್ ಅಂತಾರೆ. ಕೊಳಕುಮಂಡಲದ ವಿಷ ಏನ್ ಮಾಡತ್ತೆ ಅಂದ್ರೆ, ಉಂಬಳದ ಹಾಗೆ ತಡೆಯೋದಲ್ಲ, ಉಲ್ಟಾ, ಗಾಯ ಇಲ್ಲದ ಕಡೆಯೆಲ್ಲ ಹೆಪ್ಪು ಶುರು ಮಾಡಿಸಿ ಇದ್ದಬದ್ದ ಫೈಬ್ರಿನೋಜೆನ್ ಎಲ್ಲ ಖಾಲಿ ಮಾಡಿಬಿಡತ್ತೆ. ಆಮೇಲೆ ನಿಜವಾಗಿ ಬೇಕಾದಾಗ ಹೆಪ್ಪಾಗೋಕೆ ಏನೂ ಉಳಿದಿರಲ್ಲ, ವಸಡಲ್ಲಿ, ಮೂತ್ರದಲ್ಲಿ ರಕ್ತ.

ಇದನ್ನ ಕಂಡುಹಿಡಿಯೋಕೆ ದೊಡ್ಡ ಮಿಷನ್ ಬೇಡ. ಒಂದು ಒಣಗಿದ ಗಾಜಿನ ಟ್ಯೂಬು, 2 ಎಂಎಲ್ ರಕ್ತ, ಒಂದು ಗಡಿಯಾರ. 20 ನಿಮಿಷ ಅಲ್ಲಾಡಿಸದೇ ಇಟ್ಟು ಒಂದೇ ಸಲ ಓರೆ ಮಾಡಿ ನೋಡೋದು, ಹರಿದ್ರೆ ಮಂಡಲದ ವಿಷ ಏರಿದೆ ಅಂತ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಎಲ್ಲಿ ಅಂತ ಹೇಳಲ್ಲ, ಸೋಪಿನ ಪುಡಿಯಲ್ಲಿ ತೊಳೆದ ಹಳೇ ಟ್ಯೂಬಲ್ಲೇ ಈ ಪರೀಕ್ಷೆ ಮಾಡ್ತಿದ್ರು. ಒಂದು ರಾತ್ರಿ ಹಾವು ಕಚ್ಚಿದೆ ಅಂತ ಗದ್ದೆಯಿಂದ ಒಬ್ಬರು ಹುಡುಗನ್ನ ಕರ್ಕೊಂಡು ಬಂದ್ರು, 20 ನಿಮಿಷ ಆದ್ರೂ ರಕ್ತ ನೀರು ನೀರು. ಕಚ್ಚಿದ ಜಾಗ ನೋಡಿದ್ರೆ ಊತ ಇಲ್ಲ, ನೋವಿಲ್ಲ. ಡ್ಯೂಟಿ ಡಾಕ್ಟರಿಗೆ ಅನುಮಾನ ಬಂದು ಹೊಸ ಟ್ಯೂಬ್ ತಗೊಂಡು ಇನ್ನೊಮ್ಮೆ ಮಾಡಿ ಅಂದ್ರು, ಜೊತೆಗೆ ಹುಡುಗನ ಅಪ್ಪನ ರಕ್ತವನ್ನೂ ಪಕ್ಕದಲ್ಲಿ ಇಡಿಸಿದ್ರು. ನಾನು ಎರಡೂ ಟ್ಯೂಬ್ ಮುಂದೆ ಇಟ್ಕೊಂಡು ಗಡಿಯಾರ ನೋಡ್ತಾ ಕೂತಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಎರಡೂ ಗಟ್ಟಿಯಾಗಿತ್ತು. ಗಾಜಿನ ಗೋಡೆ ತಾಗಿದ್ದಕ್ಕೇ ರಕ್ತಕ್ಕೆ ಹೆಪ್ಪಾಗೋ ಸೂಚನೆ ಸಿಗೋದು, ಸೋಪಿನ ಅಂಶ ಉಳಿದ್ರೆ ಆ ಸೂಚನೆ ಸಿಗಲ್ಲ. ಆ ಹುಡುಗನ್ನ ಬೆಳಗಿನ ತನಕ ಇಟ್ಕೊಂಡು ಪದೇ ಪದೇ ಪರೀಕ್ಷೆ ಮಾಡಿ ಮನೆಗೆ ಕಳಿಸಿದ್ವಿ. ಅವತ್ತಿಂದ ನಾನಿದ್ದ ಕಡೆ ಆ ಪರೀಕ್ಷೆಗೆ ತೊಳೆದ ಟ್ಯೂಬ್ ಬಳಸೋಕೆ ಬಿಟ್ಟಿಲ್ಲ.

ಇನ್ನು ಗುಂಪು. ಇವತ್ತಿನ ದಿನ ಯಾಕೆ ಜೂನ್ 14 ಅಂದ್ರೆ 1868ರಲ್ಲಿ ಇದೇ ದಿನ ಕಾರ್ಲ್ ಲ್ಯಾಂಡ್‌ಸ್ಟೈನರ್ ಹುಟ್ಟಿದ್ದು. ಅದಕ್ಕೂ ಮುಂಚೆ ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಟ್ರೆ ಕೆಲವರು ಬದುಕ್ತಿದ್ರು, ಕೆಲವರು ಸಾಯ್ತಿದ್ರು, ಯಾಕೆ ಅಂತ ತಿಳೀತಿರಲಿಲ್ಲ. ಅವರು ವಿಯೆನ್ನಾದಲ್ಲಿ ತಮ್ಮ ಜೊತೆ ಕೆಲಸ ಮಾಡೋರ ರಕ್ತವನ್ನೇ ಒಂದಕ್ಕೊಂದು ಬೆರೆಸಿ ನೋಡಿ 1901ರಲ್ಲಿ ಗುಂಪುಗಳಿವೆ ಅಂತ ಬರೆದ್ರು, 1930ರಲ್ಲಿ ನೊಬೆಲ್ ಬಂತು. ಬಿಳಿ ಟೈಲ್ ಮೇಲೆ ಹನಿ ಹಾಕಿ ಗುಂಪು ನೋಡೋವಾಗ ಹೊಂದದೇ ಇದ್ರೆ ಹಾಲು ಒಡೆದ ಹಾಗೆ ಕೆಂಪು ಚೂರು ಚೂರು ಆಗತ್ತೆ. ಅದು ಹೆಪ್ಪಲ್ಲ, ಕಣಗಳು ಒಂದಕ್ಕೊಂದು ಅಂಟಿಕೊಂಡಿದ್ದು. ಬಾಂಬೆ ಗ್ರೂಪ್ ಅಂತ ಕೇಳಿರ್ತೀರಿ, 1952ರಲ್ಲಿ ಡಾ. ಭೆಂಡೆ ಮತ್ತೆ ಅವರ ಜೊತೆಯವರು ಬಾಂಬೆಯಲ್ಲಿ ಗುರುತಿಸಿದ್ದು, ಆಗ ನಮ್ಮ ಜಿಲ್ಲೆಯೂ ಬಾಂಬೆ ರಾಜ್ಯದಲ್ಲೇ ಇತ್ತು. ಸಾಮಾನ್ಯ ಪರೀಕ್ಷೇಲಿ ಅವರದು ಓ ಅಂತಾನೇ ಬರತ್ತೆ, ಆದ್ರೆ ಓ ರಕ್ತ ಕೊಟ್ರೂ ಅವರಿಗೆ ಆಗಲ್ಲ. ಅದಕ್ಕೇ ಗುಂಪು ಗೊತ್ತಿದ್ರೂ ಇಬ್ಬರ ರಕ್ತ ಬೆರೆಸಿ ಹೊಂದತ್ತಾ ಅಂತ ನೋಡೋ ಕ್ರಾಸ್‌ಮ್ಯಾಚ್ ಮಾಡದೇ ರಕ್ತ ಕೊಡಲ್ಲ, ಅಷ್ಟೊತ್ತು ಏನ್ ಮಾಡ್ತೀರಿ ಅಂತ ಲ್ಯಾಬ್ ಕಿಟಕಿ ಹತ್ರ ಬೈಯೋರಿಗೆ ಇದನ್ನ ಹೇಳ್ತೀನಿ. ಮತ್ತೆ ನೆಗೆಟಿವ್ ಗುಂಪಿನ ಹೆಣ್ಣುಮಕ್ಕಳು, ನಿಮ್ಮ ಗುಂಪು ಮದುವೆಗೆ ಮುಂಚೆಯೇ ತಿಳ್ಕೊಳ್ಳಿ. ಪಾಸಿಟಿವ್ ಮಗು ಹುಟ್ಟಿದ್ರೆ 72 ಗಂಟೆ ಒಳಗೆ ಆಂಟಿ-ಡಿ ಇಂಜೆಕ್ಷನ್ ಬೇಕು, ಇಲ್ಲದಿದ್ರೆ ಮುಂದಿನ ಮಗುವಿಗೆ ತೊಂದರೆ ಆಗಬಹುದು.

ರಕ್ತ ಕೊಡೋ ವಿಷಯ. ತೆಗೆದ ರಕ್ತ ಚೀಲದಲ್ಲಿ ಯಾಕೆ ಹೆಪ್ಪಾಗಲ್ಲ ಅಂದ್ರೆ 350 ಎಂಎಲ್ ಚೀಲದಲ್ಲಿ ಮೊದಲೇ 49 ಎಂಎಲ್ ದ್ರಾವಣ ಇರತ್ತೆ, ಅದರಲ್ಲಿ ಸಿಟ್ರೇಟ್, ಅಂದ್ರೆ ಲಿಂಬೆಹುಳಿಯಲ್ಲಿರೋ ಆಸಿಡ್ಡಿನ ಉಪ್ಪು, ಕ್ಯಾಲ್ಸಿಯಂ ಹಿಡ್ಕೊಳ್ಳೋದು. 1914ರ ಸುಮಾರಿಗೆ ಇದು ಗೊತ್ತಾಗೋ ತನಕ ಕೊಡೋರನ್ನ ತಗೊಳ್ಳೋರ ಪಕ್ಕದಲ್ಲೇ ಮಲಗಿಸಬೇಕಿತ್ತು. ಈಗ ಕೆಂಪು ಕಣ ಫ್ರಿಜ್ಜಲ್ಲಿ 35ರಿಂದ 42 ದಿನ ಇರತ್ತೆ, ಪ್ಲಾಸ್ಮಾ ಮಂಜುಗಡ್ಡೆ ಹಾಗೆ ಗಟ್ಟಿ ಮಾಡಿಟ್ರೆ ಒಂದು ವರ್ಷ, ಪ್ಲೇಟ್‌ಲೆಟ್ ಮಾತ್ರ 5 ದಿನ, ಅದೂ ಫ್ರಿಜ್ಜಲ್ಲಿ ಅಲ್ಲ, ಹೊರಗೆ ಅಲ್ಲಾಡಿಸ್ತಾ. ಮಳೆಗಾಲದಲ್ಲಿ ದೇವಿಮನೆ ಘಾಟಿಯಲ್ಲಿ ಗುಡ್ಡ ಕುಸಿದ್ರೆ ಕೆಳಗಿಂದ ಮೇಲೆ ಬರೋದೇ ಕಷ್ಟ, ಅಂಥ ದಿನ ಹೆರಿಗೇಲಿ ರಕ್ತ ಹೋಗ್ತಾ ಇದ್ರೆ ಉಳಿಸೋದು ಮೊದಲೇ ಕೊಟ್ಟು ಫ್ರಿಜ್ಜಲ್ಲಿ ಇಟ್ಟಿರೋ ಚೀಲ, ಆಗ ವಾಟ್ಸಾಪ್‌ನಲ್ಲಿ ಹಾಕೋ ಮೆಸೇಜ್ ಅಲ್ಲ. ಯಾವ ಫ್ಯಾಕ್ಟರೀಲೂ ರಕ್ತ ಮಾಡೋಕೆ ಬರಲ್ಲ. 18ರಿಂದ 65 ವಯಸ್ಸು, 45 ಕೆಜಿ ತೂಕ, ಹಿಮೋಗ್ಲೋಬಿನ್ 12.5 ಇದ್ರೆ ಕೊಡಬಹುದು, ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ. ನೀರಿನ ಅಂಶ ಒಂದೆರಡು ದಿನಕ್ಕೆ ತುಂಬಿಕೊಳ್ಳತ್ತೆ, ಕೆಂಪು ಕಣಕ್ಕೆ ಕೆಲವು ವಾರ ಬೇಕು.

ಮಾತು ಮುಗಿದ ಮೇಲೆ ಮಕ್ಕಳು ತುಂಬ ಕೇಳಿದ್ರು, ಎಲ್ಲ ಬರೆಯೋಕಾಗಲ್ಲ. ಒಂದು ಮಾತ್ರ ಬರೀತೀನಿ. ಹಿಂದೆ ಗೋಡೆಗೆ ಒರಗಿ ಕೂತಿದ್ದ ಒಬ್ಬರು ಅಕ್ಕ, ಅರವತ್ತರ ಹತ್ರ ಇರಬಹುದು, ಎದ್ದು ನಿಂತು ಕೇಳಿದ್ರು. ಅವರ ನಾದಿನಿಗೆ ಹೆರಿಗೇಲಿ ರಕ್ತ ಕೊಟ್ಟಿದ್ರಂತೆ, ಇಪ್ಪತ್ತು ವರ್ಷದ ಮೇಲಾಯ್ತು, ಅದು ಅವಳ ಮೈಯಲ್ಲಿ ಎಷ್ಟು ದಿನ ಇರತ್ತೆ ಅಂತ.

ಕಣಗಳು 120 ದಿನದ ಒಳಗೆ ಹೋಗಿಬಿಡ್ತವೆ ಅಕ್ಕಾ ಅಂದೆ. ಅವರು ಹೌದಾ ಅಂತ ಕೂರೋಕೆ ಹೊರಟ್ರು. ಆದ್ರೆ ನಿಲ್ಲಿ, ಕಣ ಒಡೆದ್ರೂ ಕಬ್ಬಿಣ ಹೋಗಲ್ಲ, ಕಮ್ಮಾರಸಾಲೆ ಕತೆ ಹೇಳಿದ್ನಲ್ಲ, ನೀವು ಕೊಟ್ಟ 350 ಎಂಎಲ್‌ನಲ್ಲಿ ಸುಮಾರು 150 ಮಿಲಿಗ್ರಾಂ ಕಬ್ಬಿಣ ಇತ್ತು, ಅದನ್ನ ಅವರ ಮೈ ಎತ್ತಿಟ್ಕೊಂಡು ಅವರದೇ ಹೊಸ ಕಣ ಮಾಡ್ಕೊಂಡಿರತ್ತೆ, ಆ ಕಣ ಒಡೆದ ಮೇಲೆ ಮತ್ತೊಂದು ಕಣ, ಹಿಂಗೆ ವರ್ಷಗಟ್ಟಲೆ, ಹೊರಗೆ ಹೋಗೋದು ದಿನಕ್ಕೆ ಚೂರೇ ಚೂರು ಅಂತ ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ ಪಕ್ಕದಲ್ಲಿ ಕೂತವರ ಕಡೆ ತಿರುಗಿ, "ಹಂಗಾರೆ ಇನ್ನೂ ಸ್ವಲ್ಪ ಇದ್ದು" ಅಂದ್ರು.